ಹಳೆಯ ಪತ್ರಿಕೆಗಳಲ್ಲಿ ಮನೆತನದ ಜಾಡು: ಬೆಂಗಳೂರು, ಮೈಸೂರು ಪತ್ರಿಕೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಂಶಾವಳಿ ಬರೆಯಲು ಹೊರಟವರು ಮದುವೆಮನೆಯ ಪಂಕ್ತಿಯಲ್ಲಿ, ಪತ್ರಗಳಲ್ಲಿ, ಗ್ರಂಥಾಲಯದ ಮೆಟ್ಟಿಲ ಮೇಲೆ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಹೆಚ್ಚಿನವು ಹಳೆಯ ಮೈಸೂರು ಸಂಸ್ಥಾನದ ಎರಡು ನಗರಗಳಿಗೆ ಸಂಬಂಧಿಸಿದವು. ಬೇರೆ ಭಾಗದವರಿಗೆ ಬೇಕಾದದ್ದು ನಡುವೆ ಒಂದು ಉತ್ತರದಲ್ಲಿದೆ.

## ಆರಂಭಿಸುವವರಿಗೆ

ನಮ್ಮ ಮುತ್ತಜ್ಜ ದೊಡ್ಡ ಮನುಷ್ಯರೇನಲ್ಲ. ಅವರ ಹೆಸರು ಪತ್ರಿಕೆಯಲ್ಲಿ ಬಂದಿರಲು ಸಾಧ್ಯವೇ?

ಸಾಧ್ಯ, ಆದರೆ ನೀವು ಊಹಿಸುವ ಜಾಗದಲ್ಲಿ ಅಲ್ಲ. ಹೆಚ್ಚಿನವರು ಮರಣವಾರ್ತೆಯನ್ನು ಹುಡುಕಲು ಹೋಗಿ ಬರಿಗೈಯಲ್ಲಿ ಮರಳುತ್ತಾರೆ. ಭಾವಚಿತ್ರ ಹಾಕಿ ಶ್ರದ್ಧಾಂಜಲಿ ಪ್ರಕಟಿಸುವ ರೂಢಿ ಸಾಮಾನ್ಯ ಕುಟುಂಬಗಳಿಗೆ ಬಂದದ್ದು ಬಹಳ ಈಚೆಗೆ. ಅದಕ್ಕೂ ಹಿಂದಿನ ಪತ್ರಿಕೆಗಳಲ್ಲಿ ಸಾಮಾನ್ಯರ ಹೆಸರು ಸಿಗುವುದು ದೇವಸ್ಥಾನದ ಜೀರ್ಣೋದ್ಧಾರಕ್ಕೋ ನೆರೆ ಪರಿಹಾರಕ್ಕೋ ಚಂದಾ ಕೊಟ್ಟವರ ಪಟ್ಟಿಯಲ್ಲಿ, ಪರೀಕ್ಷೆಯ ಫಲಿತಾಂಶದಲ್ಲಿ, ಕೋರ್ಟಿನ ಹರಾಜು ಪ್ರಕಟಣೆಯಲ್ಲಿ, ಪಾಲುದಾರಿಕೆ ಮುರಿದುಕೊಂಡ ಅಂಗಡಿಯವರ ಜಾಹೀರಾತಿನಲ್ಲಿ, ಬೀದಿ ದೀಪ ಉರಿಯುತ್ತಿಲ್ಲವೆಂದು ಓದುಗರೊಬ್ಬರು ಬರೆದ ಪತ್ರದ ಕೆಳಗೆ. ಯಾರಾದರೂ ದುಡ್ಡು ಕೊಟ್ಟು ಅಚ್ಚು ಹಾಕಿಸಿದ್ದು, ಇಲ್ಲವೇ ಸರ್ಕಾರ ಅಚ್ಚು ಹಾಕಿಸಲೇಬೇಕಾಗಿದ್ದದ್ದು ಯಾವುದು ಎಂದು ಮೊದಲು ಯೋಚಿಸಿದರೆ ಯಾವ ಪುಟ ತಿರುಗಿಸಬೇಕೆಂಬುದು ಅರ್ಧ ತಿಳಿದಂತೆಯೇ.

ಗ್ರಂಥಾಲಯಕ್ಕೆ ಹೋಗುವ ಮೊದಲು ಮನೆಯಲ್ಲಿ ಏನೇನು ಕೇಳಿಟ್ಟುಕೊಳ್ಳಬೇಕು?

ಹೆಸರಿಗಿಂತ ದಿನಾಂಕ ಮುಖ್ಯ. ಹಳೆಯ ಕನ್ನಡ ಪತ್ರಿಕೆಗಳಿಗೆ ಹೆಸರಿನ ಸೂಚಿ ಇರುವುದಿಲ್ಲವಾದ್ದರಿಂದ, ಹೆಸರು ಗೊತ್ತಿದ್ದು ಕಾಲ ಗೊತ್ತಿಲ್ಲದವರು ಸಾವಿರಾರು ಪುಟಗಳನ್ನು ಒಂದೊಂದಾಗಿ ಮಗುಚಬೇಕಾಗುತ್ತದೆ; ಕಾಲ ಗೊತ್ತಿದ್ದವರಿಗೆ ಒಂದು ತಿಂಗಳ ಸಂಪುಟ ಸಾಕು.

ಹಿರಿಯರು ಇಸವಿ ಹೇಳುವುದಿಲ್ಲ, ಗುರುತು ಹೇಳುತ್ತಾರೆ. ಆ ಗುರುತುಗಳನ್ನು ಇಸವಿಗೆ ತಿರುಗಿಸಿಕೊಳ್ಳಿ. ‘ಧಾತು ಈಶ್ವರದ ಬರ’ ಎಂದರೆ 1876ರಿಂದ 1878ರವರೆಗಿನ ಮಹಾಕ್ಷಾಮ. ‘ಗಾಂಧಿ ನಂದಿಬೆಟ್ಟದಲ್ಲಿ ಇದ್ದಾಗ’ ಎಂದರೆ 1927ರ ಬೇಸಿಗೆ, ಆದರೆ ಗಾಂಧೀಜಿ 1936ರಲ್ಲಿ ಮತ್ತೊಮ್ಮೆ ಅಲ್ಲಿಗೆ ಬಂದಿದ್ದರೆಂಬುದನ್ನು ಮರೆಯಬೇಡಿ. ‘ದೊರೆ ತೀರಿಕೊಂಡ ವರ್ಷ’ ಎಂದು 90 ದಾಟಿದವರು ಹೇಳಿದರೆ ಅದು ನಾಲ್ವಡಿ ಕೃಷ್ಣರಾಜ ಒಡೆಯರ್ ನಿಧನರಾದ 1940ರ ಆಗಸ್ಟ್. ‘ಪ್ಲೇಗಿನ ವರ್ಷ’ ಎಂಬ ಮಾತನ್ನು ಮಾತ್ರ ಸುಮ್ಮನೆ ನಂಬಬೇಡಿ. ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು 1898ರಲ್ಲಾದರೂ ಅದು ಮುಂದೆ ವರ್ಷಗಟ್ಟಲೆ ಮರುಕಳಿಸುತ್ತಲೇ ಇತ್ತು, ಮತ್ತು ಪ್ರತಿಯೊಂದು ಮನೆಗೂ ತನ್ನದೇ ಒಂದು ಪ್ಲೇಗಿನ ವರ್ಷವಿತ್ತು.

ಜೊತೆಗೆ ಮನೆಯ ಹಳೆಯ ಟ್ರಂಕನ್ನು ತೆಗೆಯಿರಿ. ಪತ್ರಿಕೆಯ ತುಣುಕು ಕತ್ತರಿಸಿ ಇಟ್ಟವರು ಬಹುತೇಕ ದಿನಾಂಕವಿರುವ ಭಾಗವನ್ನು ಕತ್ತರಿಸಿ ಬಿಸಾಡಿರುತ್ತಾರೆ. ಅಂಥ ತುಣುಕಿನ ಹಿಂಬದಿಯನ್ನು ಓದಿ. ಅಲ್ಲಿರುವ ಸಿನಿಮಾ ಜಾಹೀರಾತೋ ಪೇಟೆ ಧಾರಣೆಯೋ ಕಾಲವನ್ನು ಹೇಳಿಬಿಡುತ್ತದೆ.

ಅಜ್ಜಿಯ ಕೈಬರಹದಲ್ಲಿ ‘ಪ್ರಮಾಥಿ ಸಂವತ್ಸರದ ಮಾಘ ಶುದ್ಧ’ ಎಂದಷ್ಟೇ ಇದೆ. ಇದು ಯಾವ ಇಸವಿ?

ಅರವತ್ತು ಸಂವತ್ಸರಗಳ ಚಕ್ರ ಪ್ರಭವದಿಂದ ಆರಂಭವಾಗುತ್ತದೆ. 1867, 1927 ಮತ್ತು 1987ರ ಯುಗಾದಿಗಳಿಗೆ ಪ್ರಭವ ಸಂವತ್ಸರ ಹುಟ್ಟಿತು. ಪ್ರಮಾಥಿ ಹದಿಮೂರನೆಯದು, ಆದ್ದರಿಂದ 1879 ಅಥವಾ 1939ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ. ಎರಡರಲ್ಲಿ ಯಾವುದು ಎಂಬುದನ್ನು ತಲೆಮಾರಿನ ಲೆಕ್ಕ ಹೇಳುತ್ತದೆ.

ಎಡವುವುದು ಇನ್ನೊಂದು ಕಡೆ. ಸಂವತ್ಸರ ಬದಲಾಗುವುದು ಯುಗಾದಿಯಲ್ಲಿ, ಇಸವಿ ಬದಲಾಗುವುದು ಜನವರಿಯಲ್ಲಿ. ಹೀಗಾಗಿ ಮಾಘ, ಫಾಲ್ಗುಣಗಳೂ ಪುಷ್ಯದ ಬಹುಪಾಲೂ ಮುಂದಿನ ಇಸವಿಗೆ ಸೇರುತ್ತವೆ. ಪ್ರಮಾಥಿಯ ಮಾಘ ಎಂದರೆ 1940ರ ಫೆಬ್ರವರಿ ಆಸುಪಾಸು, 1939ರದ್ದಲ್ಲ. ನಾನು ಇದೇ ತಪ್ಪು ಮಾಡಿ ಮೂರು ದಿನ 1939ರ ಫೆಬ್ರವರಿಯ ಸಂಪುಟವನ್ನು ಮಗುಚುತ್ತ ಕುಳಿತಿದ್ದೆ. ನಾಲ್ಕನೆಯ ದಿನ ಸಂಪುಟಗಳನ್ನು ಎತ್ತಿಕೊಡುತ್ತಿದ್ದ ಅಟೆಂಡರ್ ‘ಸ್ವಾಮಿ, ಮಾಘ ಅಂದ್ರೆ ವರ್ಷದ ಕೊನೆ ಅಲ್ವೇ?’ ಎಂದು ಕೇಳಿದ ಮೇಲೆಯೇ ನನಗೆ ಬುದ್ಧಿ ಬಂದದ್ದು. ಶಾಲಿವಾಹನ ಶಕ ಕೊಟ್ಟಿದ್ದರೆ 78 ಕೂಡಿಸಿ. ಅಲ್ಲಿಯೂ ವರ್ಷದ ಕೊನೆಯ ತಿಂಗಳುಗಳಿಗೆ 79.

ಯಾವ ಕಾಲಕ್ಕೆ ಯಾವ ಪತ್ರಿಕೆ ನೋಡಬೇಕು?

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದನ್ನು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದರು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ ಎಂಬ ಹೆಸರಿನಲ್ಲಿ ಮುಂದುವರಿಯಿತು. ಚರಿತ್ರೆಗೆ ಅದು ದೊಡ್ಡದು; ಕುಟುಂಬದ ಹುಡುಕಾಟಕ್ಕೆ ಅದರಿಂದ ಆಗುವ ಪ್ರಯೋಜನ ಕಡಿಮೆ.

ಮೈಸೂರಿನಲ್ಲಿ ‘ಮೈಸೂರು ವೃತ್ತಾಂತ ಬೋಧಿನಿ’ 1859ರಲ್ಲಿ ಬಂತು, ಅದರ ಬೆನ್ನಿಗೆ ‘ಕರ್ನಾಟಕ ಪ್ರಕಾಶಿಕ’. ಕುಟುಂಬದ ಇತಿಹಾಸಕ್ಕೆ ಕೈಹಿಡಿಯುವ ಸಾಮಗ್ರಿ ದಟ್ಟವಾಗುವುದು 1880ರ ದಶಕದಿಂದ. ‘ತಾತಯ್ಯ’ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರ ‘ವೃತ್ತಾಂತ ಚಿಂತಾಮಣಿ’, ಆಮೇಲೆ ‘ಸಾಧ್ವಿ’, ವೆಸ್ಲಿಯನ್ ಮಿಷನ್ನಿನ ‘ವೃತ್ತಾಂತ ಪತ್ರಿಕೆ’ ಇವು ಮೈಸೂರಿನವು. 1908ರಲ್ಲಿ ಸಂಸ್ಥಾನದ ಸರ್ಕಾರ ಪತ್ರಿಕಾ ಕಾಯ್ದೆಯನ್ನು ತಂದು, ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ ಎಂದಿತು. ಆಗ ಹಲವು ಪತ್ರಿಕೆಗಳು ನಿಂತವು. 1908ರಿಂದ ಕೆಲವು ವರ್ಷ ಏನೂ ಸಿಗುತ್ತಿಲ್ಲವೆಂದು ಕೊರಗುವವರು ಈ ಕಾರಣವನ್ನು ನೆನಪಿಡಬೇಕು. ಡಿ.ವಿ. ಗುಂಡಪ್ಪನವರ ‘ಕರ್ನಾಟಕ’ 1913ರಲ್ಲಿ ಬೆಂಗಳೂರಿನಲ್ಲಿ ಹೊರಟಿತಾದರೂ ಅದು ಇಂಗ್ಲಿಷ್ ಪತ್ರಿಕೆ. ಹೆಸರು ನೋಡಿ ಮೋಸಹೋಗಬೇಡಿ.

1920ರ ದಶಕದಿಂದ ಚಿತ್ರವೇ ಬೇರೆ. ತಿ.ತಾ. ಶರ್ಮರ ‘ವಿಶ್ವ ಕರ್ನಾಟಕ’, ಪಿ.ಆರ್. ರಾಮಯ್ಯನವರ ‘ತಾಯಿನಾಡು’ ಈ ಕಾಲದವು. ನನ್ನ ಅನುಭವದಲ್ಲಿ ಸ್ವಾತಂತ್ರ್ಯಪೂರ್ವದ ಬೆಂಗಳೂರಿನ ಮನೆತನಗಳಿಗೆ ‘ತಾಯಿನಾಡು’ವಿನಷ್ಟು ನೆರವಾದ ಪತ್ರಿಕೆ ಇನ್ನೊಂದಿಲ್ಲ. 1948ರ ಜೂನ್‌ನಲ್ಲಿ ‘ಡೆಕ್ಕನ್ ಹೆರಾಲ್ಡ್’, ಅದೇ ಅಕ್ಟೋಬರ್‌ನಲ್ಲಿ ‘ಪ್ರಜಾವಾಣಿ’, 1967ರಲ್ಲಿ ‘ಕನ್ನಡಪ್ರಭ’ ಬಂದವು. ಮೈಸೂರು ನಗರದ ಗಲ್ಲಿ ಗಲ್ಲಿಯ ಸುದ್ದಿ ಬೇಕಾದವರಿಗೆ 1978ರಿಂದೀಚೆಗೆ ‘ಮೈಸೂರು ಮಿತ್ರ’ ಮತ್ತು ‘ಸ್ಟಾರ್ ಆಫ್ ಮೈಸೂರ್’ ಇವೆ.

## ಎಲ್ಲಿ ಹುಡುಕಬೇಕು

ಗೂಗಲ್‌ನಲ್ಲಿ ತಾತನ ಹೆಸರು ಹಾಕಿದೆ, ಏನೂ ಬರಲಿಲ್ಲ. ಅಂದರೆ ಇಲ್ಲವೆಂದೇ?

ಅಲ್ಲ. ಹಳೆಯ ಕನ್ನಡ ಪತ್ರಿಕೆಗಳಲ್ಲಿ ಅಂತರ್ಜಾಲಕ್ಕೆ ಬಂದಿರುವುದೇ ಸ್ವಲ್ಪ. ಬಂದದ್ದರಲ್ಲಿಯೂ ಹೆಸರು ಹಾಕಿ ಹುಡುಕಿದರೆ ಸಿಗುವಂತಿರುವುದು ಇನ್ನೂ ಸ್ವಲ್ಪ. ಪುಟದ ಚಿತ್ರವನ್ನು ಪಠ್ಯವಾಗಿ ಓದುವ ಓಸಿಆರ್ ತಂತ್ರಾಂಶಕ್ಕೆ ಹಳೆಯ ಮೊಳೆಗಳ ಕನ್ನಡ ಎಂದರೆ ಕಬ್ಬಿಣದ ಕಡಲೆ. ‘ಮ’ ಎಂಬುದನ್ನು ಅದು ‘ವು’ ಎಂದು ಓದುತ್ತದೆ, ಹೀಗಾಗಿ ರಾಮಯ್ಯ ‘ರಾವುಯ್ಯ’ ಆಗುತ್ತಾನೆ. ಹಳೆಯ ಮುದ್ರಣದಲ್ಲಿ ಅರ್ಕಾವೊತ್ತನ್ನು ವ್ಯಂಜನದ ಪಕ್ಕದಲ್ಲಿ ಹಾಕುತ್ತಿದ್ದರು. ಯಂತ್ರ ಅದನ್ನು ಒಂಬತ್ತರ ಅಂಕಿಯೆಂದು ತಿಳಿದು ‘ಕನಾ೯ಟಕ’ ಎಂದು ದಾಖಲಿಸುತ್ತದೆ. ಒತ್ತಕ್ಷರಗಳು ಮಸಿ ತಿಂದಿದ್ದರೆ ಕೇಳುವುದೇ ಬೇಡ.

ಆದ್ದರಿಂದ ಹುಡುಕುವಾಗ ತಪ್ಪಾಗಿಯೇ ಹುಡುಕಿ. ‘ವು’ ಹಾಕಿ ನೋಡಿ, ‘ಥ’ ಬದಲು ‘ಧ’, ‘ಪ’ ಬದಲು ‘ವ’ ಹಾಕಿ ನೋಡಿ, ಹೆಸರನ್ನು ಬಿಟ್ಟು ಬೀದಿಯ ಹೆಸರನ್ನೋ ಅಂಗಡಿಯ ಹೆಸರನ್ನೋ ಹಾಕಿ ನೋಡಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಜ್’ ಸಂಗ್ರಹದಡಿ ಬೆಂಗಳೂರಿನ ಹಲವು ಗ್ರಂಥಾಲಯಗಳ ಕನ್ನಡ ಸಾಮಗ್ರಿ ಸ್ಕ್ಯಾನ್ ಆಗಿ ಸೇರುತ್ತಿದೆ. ಅಲ್ಲಿ ಶೀರ್ಷಿಕೆಗಳನ್ನು ಕನ್ನಡ ಲಿಪಿಯಲ್ಲಿಯೂ ಇಂಗ್ಲಿಷ್ ಕಾಗುಣಿತದಲ್ಲಿಯೂ ಹುಡುಕಬೇಕು. ಪತ್ರಿಕೆಗಳ ಸ್ವಂತ ಇ-ಪೇಪರ್‌ಗಳು ಈಚಿನ ವರ್ಷಗಳಿಗಷ್ಟೇ ಒದಗುತ್ತವೆ.

ಹಾಗಾದರೆ ಕೈಯಲ್ಲಿ ಮುಟ್ಟಿ ನೋಡುವ ಸಂಪುಟಗಳು ಎಲ್ಲಿವೆ?

ಬೆಂಗಳೂರಿನಲ್ಲಿ ವಿಚಾರಿಸಬೇಕಾದ ಜಾಗಗಳು ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ, ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಮತ್ತು ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಾಲಯ. 1950ರ ದಶಕದ ನಡುವಿನಿಂದೀಚಿನ ಪತ್ರಿಕೆಗಳಿಗೆ ಇನ್ನೊಂದು ದಾರಿಯಿದೆ: ಪುಸ್ತಕಗಳನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲಿಸಬೇಕೆಂಬ 1954ರ ಕಾಯ್ದೆಯನ್ನು 1956ರಲ್ಲಿ ತಿದ್ದಿ ಪತ್ರಿಕೆಗಳನ್ನೂ ಸೇರಿಸಿದ್ದರಿಂದ, ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈನ ಕನ್ನೆಮಾರ ಗ್ರಂಥಾಲಯಕ್ಕೂ ಪ್ರತಿಗಳು ಹೋಗಬೇಕಿತ್ತು. ಬೆಂಗಳೂರಿನಲ್ಲಿ ಗೆದ್ದಲಿಗೆ ಹೋದ ಸಂಪುಟವನ್ನು ಕೋಲ್ಕತ್ತದಲ್ಲಿ ಕೇಳಿನೋಡುವುದು ವ್ಯರ್ಥವಲ್ಲ.

ಹೋಗುವ ಮೊದಲು ಒಂದು ಪತ್ರ ಬರೆಯಿರಿ, ಗುರುತಿನ ಚೀಟಿ ಒಯ್ಯಿರಿ, ಪೆನ್ನು ಬಿಟ್ಟು ಪೆನ್ಸಿಲ್ ಇಟ್ಟುಕೊಳ್ಳಿ. ‘1935ರ ಪತ್ರಿಕೆ ಬೇಕು’ ಎಂದು ಕೇಳಬೇಡಿ. ‘1935ರ ಮಾರ್ಚ್ ತಿಂಗಳ ಸಂಪುಟ’ ಎಂದು ಕೇಳಿ, ಏಕೆಂದರೆ ಸಂಪುಟಗಳನ್ನು ತಿಂಗಳಿಗೋ ಮೂರು ತಿಂಗಳಿಗೋ ಒಂದರಂತೆ ಬೈಂಡ್ ಮಾಡಿರುತ್ತಾರೆ. ಪತ್ರಿಕೆಯ ಕಾಗದ ಮರದ ತಿರುಳಿನದು, ಅದರಲ್ಲಿ ಆಮ್ಲವಿರುತ್ತದೆ; 80 ವರ್ಷವಾದ ಹಾಳೆಯ ಅಂಚು ಹಪ್ಪಳದಂತೆ ಮುರಿಯುತ್ತದೆ. ಹಾಳೆಯನ್ನು ಮೂಲೆ ಹಿಡಿದು ಎಳೆಯದೆ, ಅದರ ಅಡಿಗೆ ಅಂಗೈ ಚಾಚಿ ಮಗುಚಬೇಕು.

ನೇರವಾಗಿ ಪತ್ರಿಕೆಯ ಕಚೇರಿಗೇ ಹೋದರೆ?

ಇಂದಿಗೂ ನಡೆಯುತ್ತಿರುವ ಪತ್ರಿಕೆಯಾದರೆ ಕೇಳಬಹುದು. ಅವರ ಗ್ರಂಥಾಲಯ ಇರುವುದು ಅವರ ಸಿಬ್ಬಂದಿಗಾಗಿ, ಆದ್ದರಿಂದ ನಿಖರವಾದ ದಿನಾಂಕದೊಂದಿಗೆ ಬರೆದು ಕೇಳಿದವರಿಗೆ ಉತ್ತರ ಬರುವ ಸಂಭವ ಹೆಚ್ಚು. ನಿಂತುಹೋದ ಪತ್ರಿಕೆಗಳ ವಿಷಯದಲ್ಲಿ ಸಂಪಾದಕರ ಮನೆತನದವರೇ ಕಡತಗಳನ್ನು ಉಳಿಸಿಕೊಂಡಿರುವುದುಂಟು.

ನಮ್ಮದು ಧಾರವಾಡ ಕಡೆ, ನಮ್ಮ ಹೆಂಡತಿಯದು ಮಂಗಳೂರು. ಬೆಂಗಳೂರಿನ ಪತ್ರಿಕೆಗಳಿಂದ ನಮಗೇನು ಉಪಯೋಗ?

1956ರ ನವೆಂಬರ್ 1ಕ್ಕೆ ಮೊದಲಿನ ಕಾಲಕ್ಕೆ ಉಪಯೋಗ ಬಹಳ ಕಡಿಮೆ. ನಿಮ್ಮ ಊರು ಆಗ ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಪತ್ರಿಕೆ, ಗೆಜೆಟ್, ಕೋರ್ಟು ಪ್ರಕಟಣೆ ಎಲ್ಲವೂ ಆ ರಾಜಧಾನಿಯ ಕಡೆಗೆ ಹರಿಯುತ್ತಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1862ರಿಂದ ಉತ್ತರ ಕನ್ನಡವೂ ಅಲ್ಲಿಗೇ. ದಕ್ಷಿಣ ಕನ್ನಡ ಮದರಾಸಿಗೆ. ಬಳ್ಳಾರಿಯೂ ಮದರಾಸಿಗೆ ಸೇರಿದ್ದು 1953ರಲ್ಲಿ ಮೈಸೂರಿಗೆ ಬಂತು. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಹೈದರಾಬಾದಿಗೆ. ಅಲ್ಲಿಯವರು ಉರ್ದು ಓದಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೊರಡಬೇಕು. ಕೊಡಗು ತಾನೇ ಬೇರೆ. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನು ಅಲ್ಲಿಯವರ ಮೊಮ್ಮಕ್ಕಳೇ ಮರೆತಿರುತ್ತಾರೆ.

ನಿಮಗೆ ಧಾರವಾಡದ ‘ಕರ್ನಾಟಕ ವೃತ್ತ’, 1921ರ ‘ಕರ್ಮವೀರ’, ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ ಹತ್ತಿರದವು. ಧಾರವಾಡದಲ್ಲಿ 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಮೊದಲು ವಿಚಾರಿಸಿ. ನಿಮ್ಮ ಪತ್ನಿಯವರಿಗೆ ಮಂಗಳೂರಿನ ‘ಸ್ವದೇಶಾಭಿಮಾನಿ’, ‘ನವಭಾರತ’, 1970ರ ದಶಕದಿಂದೀಚೆಗೆ ಮಣಿಪಾಲದ ‘ಉದಯವಾಣಿ’. ಕರಾವಳಿಯವರಿಗೆ ಇನ್ನೊಂದು ಭಾಗ್ಯವಿದೆ: ಸಮುದಾಯದ ಪತ್ರಿಕೆಗಳು. ಕೊಂಕಣಿ ಕ್ರೈಸ್ತರಿಗೆ 1938ರಿಂದ ನಡೆಯುತ್ತಿರುವ ‘ರಾಕ್ಣೊ’, ಸಾರಸ್ವತರಿಗೆ ಮುಂಬಯಿಯ ‘ಕೆನರಾ ಸಾರಸ್ವತ್’ ಮಾಸಿಕ. ದಿನಪತ್ರಿಕೆ ಲೆಕ್ಕಿಸದ ಜನನ, ವಿವಾಹ, ಮರಣಗಳನ್ನು ಇಂಥವು ಶ್ರದ್ಧೆಯಿಂದ ಅಚ್ಚು ಹಾಕಿವೆ. ನನ್ನನ್ನು ಕೇಳಿದರೆ, ನಿಮ್ಮ ಸಮುದಾಯಕ್ಕೆ ಒಂದು ಮಾಸಿಕವಿದ್ದರೆ ದಿನಪತ್ರಿಕೆಯ ಗೊಡವೆಗೆ ಹೋಗುವ ಮೊದಲು ಅದನ್ನು ಮುಗಿಸಿ.

ನಾವು ಬೆಂಗಳೂರು ದಂಡಿನವರು, ಮನೆಮಾತು ಕನ್ನಡವಲ್ಲ. ನಮಗೆ ಇದೆಲ್ಲ ಅನ್ವಯಿಸುತ್ತದೆಯೇ?

ಬೆಂಗಳೂರಿನ ಪೇಟೆ ಮತ್ತು ದಂಡು (ಕಂಟೋನ್ಮೆಂಟ್) ಎರಡು ಊರುಗಳಿದ್ದಂತೆ. ದಂಡಿನ ಆಡಳಿತ 1881ರಿಂದ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಎರಡು ಪುರಸಭೆಗಳು ಒಂದಾದದ್ದು 1949ರಲ್ಲಿ. ಪೇಟೆಯ ಕನ್ನಡ ಪತ್ರಿಕೆಗಳು ಶಿವಾಜಿನಗರದ, ಹಲಸೂರಿನ ಸುದ್ದಿಯನ್ನು ಪರವೂರಿನ ಸುದ್ದಿಯಂತೆಯೇ ನೋಡುತ್ತಿದ್ದವು. ನಿಮ್ಮ ಹಿರಿಯರು ಓದಿದ್ದು ದಂಡಿನ ಇಂಗ್ಲಿಷ್ ಪತ್ರಿಕೆ ‘ಡೈಲಿ ಪೋಸ್ಟ್’, ಮದರಾಸಿನಿಂದ ರೈಲಿನಲ್ಲಿ ಬರುತ್ತಿದ್ದ ‘ಮದ್ರಾಸ್ ಮೇಲ್’ ಮತ್ತು ‘ಹಿಂದೂ’, ತಮಿಳು ಹಾಗೂ ಉರ್ದು ಪತ್ರಿಕೆಗಳು. ಸ್ವಾತಂತ್ರ್ಯಾನಂತರದ ಮುಸ್ಲಿಂ ಕುಟುಂಬಗಳಿಗೆ ಬೆಂಗಳೂರಿನ ‘ಪಾಸ್‌ಬಾನ್’, ‘ಸಾಲಾರ್’ ಉರ್ದು ದಿನಪತ್ರಿಕೆಗಳು ಮುಖ್ಯ. ಆಂಗ್ಲೋ ಇಂಡಿಯನ್ ಮನೆತನದವರು ಬ್ರಿಟನ್ನಿನ ‘ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ’ಯ ಉಚಿತ ಸೂಚಿಗಳಿಂದ ಆರಂಭಿಸಬೇಕು, ಸ್ವಯಂಸೇವಕರು ಹಳೆಯ ಪತ್ರಿಕೆಗಳ ಜನನ, ವಿವಾಹ, ಮರಣದ ಅಂಕಣಗಳನ್ನು ಅಲ್ಲಿ ಹೆಸರಿನ ಪ್ರಕಾರ ಇಳಿಸಿದ್ದಾರೆ. ಆ ಸೌಕರ್ಯ ಕನ್ನಡದವರಿಗೆ ಇನ್ನೂ ಕೂಡಿಬಂದಿಲ್ಲ.

## ಪುಟ ತೆರೆದ ಮೇಲೆ

ಒಂದೇ ಹೆಸರಿನವರು ಹತ್ತು ಜನ ಸಿಗುತ್ತಾರೆ. ನಮ್ಮವರು ಯಾರೆಂದು ಗುರುತಿಸುವುದು ಹೇಗೆ?

ಹಳೆಯ ಮೈಸೂರಿನಲ್ಲಿ ಅಡ್ಡಹೆಸರಿನ ರೂಢಿ ಕಡಿಮೆ. ಹೆಸರಿನ ಹಿಂದೆ ಊರು, ತಂದೆಯ ಹೆಸರು, ಅದೂ ಮೊದಲಕ್ಷರಗಳಾಗಿ. ಇದರಲ್ಲಿ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ‘ಹೊ. ನ. ಸುಬ್ಬಯ್ಯ’ ಎಂದು ಬರೆದುಕೊಂಡವರು ಇಂಗ್ಲಿಷ್ ಪತ್ರಿಕೆಯಲ್ಲಿ ‘ಎಚ್. ಎನ್.’ ಆಗುತ್ತಾರೆ. ಊರು ಬಿಟ್ಟು ಬಂದ ಅಣ್ಣತಮ್ಮಂದಿರಲ್ಲಿ ತಮ್ಮನಾದವನು ಹಳೆಯ ಊರಿನ ಅಕ್ಷರ ಉಳಿಸಿಕೊಂಡು ಅಣ್ಣ ಹೊಸ ಊರಿನದನ್ನು ಹಚ್ಚಿಕೊಂಡರೆ ಒಡಹುಟ್ಟಿದವರೇ ಬೇರೆ ಮನೆತನದವರಂತೆ ಕಾಣುತ್ತಾರೆ. ಆದ್ದರಿಂದ ಹೆಸರಿನ ಜೊತೆ ವೃತ್ತಿ, ಬೀದಿ, ಪದವಿ ಈ ಮೂರರಲ್ಲಿ ಕನಿಷ್ಠ ಒಂದಾದರೂ ಹೊಂದುವವರೆಗೆ ‘ಸಿಕ್ಕರು’ ಎನ್ನಬಾರದು. ಶಾನುಭೋಗ (ಊರಿನ ಲೆಕ್ಕಿಗ), ಜೋಡಿದಾರ (ಇನಾಂ ಹಳ್ಳಿಯ ಒಡೆಯ), ಅಮಲ್ದಾರ್ (ತಾಲ್ಲೂಕಿನ ಅಧಿಕಾರಿ), ಶಿರಸ್ತೇದಾರ್ (ಕಚೇರಿಯ ಮುಖ್ಯ ಗುಮಾಸ್ತ) ಎಂಬ ಪದಗಳು ಬರಿಯ ಗೌರವವಲ್ಲ, ಗುರುತಿನ ಚೀಟಿಗಳು.

ಹೆಸರಿನ ಹಿಂದಿನ ಸಂಕ್ಷೇಪಗಳನ್ನೂ ಬಿಡಬೇಡಿ. ‘ಮ॥ರಾ॥ಶ್ರೀ’ ಸಾಮಾನ್ಯ ಗೌರವ. ‘ಚಿ॥’ ಅಂದರೆ ಚಿರಂಜೀವಿ, ವಯಸ್ಸಿನಲ್ಲಿ ಕಿರಿಯ. ತೀರಿಕೊಂಡವರನ್ನು ‘ವೈಕುಂಠವಾಸಿ’, ‘ಲಿಂಗೈಕ್ಯ’ ಎನ್ನುವ ಮಾತುಗಳು ಸಾವನ್ನಷ್ಟೇ ಅಲ್ಲದೆ ಮತವನ್ನೂ ಹೇಳುತ್ತವೆ. ಮಗನ ಮದುವೆಯ ವರದಿಯಲ್ಲಿ ತಂದೆಯ ಹೆಸರಿನ ಹಿಂದೆ ‘ದಿ॥’ ಇದ್ದರೆ ಆತನ ಸಾವಿನ ದಿನ ಆ ದಿನಾಂಕಕ್ಕಿಂತ ಹಿಂದಿನದು. ಎಷ್ಟೋ ಸಲ ಇಷ್ಟೇ ಸಾಕು.

ಹೆಂಗಸರ ಹೆಸರು ಎಲ್ಲಿಯೂ ಕಾಣುತ್ತಿಲ್ಲವಲ್ಲ?

ಅವರು ಗಂಡನ ಹೆಸರಿನ ಹಿಂದೆ ಇದ್ದಾರೆ: ‘ಇಂಥವರ ಧರ್ಮಪತ್ನಿ’. ಸುಮಂಗಲಿಯಾದರೆ ‘ಸೌ॥’, ಉತ್ತರ ಕರ್ನಾಟಕದಲ್ಲಿ ಗಂಡ ತೀರಿಕೊಂಡಿದ್ದರೆ ‘ಗಂ॥ಸ್ವ॥’, ಅಂದರೆ ಗಂಗಾಸ್ವರೂಪ. ಈ ಎರಡಕ್ಷರ ಮೊದಲ ಬಾರಿ ಯಾವ ಚಂದಾ ಪಟ್ಟಿಯಲ್ಲಿ ಕಾಣುತ್ತದೋ ಅದಕ್ಕೆ ಮೊದಲೇ ಗಂಡನ ಮರಣವಾಗಿದೆ ಎಂದು ತಿಳಿಯಿರಿ. ಸ್ವಂತ ಹೆಸರು ಬೇಕಿದ್ದರೆ ಮಹಿಳಾ ಸಮಾಜಗಳ ವರದಿ, ಸಂಗೀತ ಕಚೇರಿಯ ಪ್ರಕಟಣೆ, ಹೆಣ್ಣುಮಕ್ಕಳ ಶಾಲೆಯ ಬಹುಮಾನ ವಿತರಣೆ ಇವುಗಳನ್ನು ನೋಡಿ. ಶಾಲೆಯಲ್ಲಿ ತವರಿನ ಹೆಸರು, ಆಮೇಲೆ ಅತ್ತೆಮನೆಯವರು ಇಟ್ಟ ಹೆಸರು. ಎರಡೂ ಗೊತ್ತಿಲ್ಲದಿದ್ದರೆ ಒಬ್ಬಳೇ ಇಬ್ಬರಾಗುತ್ತಾಳೆ.

ತಾತ ಸರ್ಕಾರಿ ನೌಕರರಾಗಿದ್ದರು. ಗೆಜೆಟ್ ಕೂಡ ನೋಡಬೇಕೇ?

ಗೆಜೆಟನ್ನೇ ಮೊದಲು ನೋಡಬೇಕು. ಹತ್ತೊಂಬತ್ತನೆಯ ಶತಮಾನದಿಂದಲೇ ಪ್ರಕಟವಾಗುತ್ತಿದ್ದ ‘ಮೈಸೂರು ಗೆಜೆಟ್’ನಲ್ಲಿ ನೇಮಕ, ವರ್ಗಾವಣೆ, ರಜೆ, ಬಡ್ತಿ ಕ್ರಮವಾಗಿ ಬರುತ್ತವೆ. ಮೂರು ತಿಂಗಳ ರಜೆಯ ಒಂದು ಸಾಲು ಒಮ್ಮೊಮ್ಮೆ ಮನೆಯವರು ಮರೆತ ಕಾಯಿಲೆಯನ್ನೋ ಮಗಳ ಮದುವೆಯನ್ನೋ ತೋರಿಸುತ್ತದೆ. ವರ್ಗಾವಣೆಯ ಸರಪಳಿ ಕೈಗೆ ಬಂದರೆ ಯಾವ ಮಗು ಯಾವ ಊರಿನಲ್ಲಿ ಹುಟ್ಟಿತು, ಯಾವ ಸ್ಥಳೀಯ ಪತ್ರಿಕೆಯನ್ನು ಮುಂದೆ ನೋಡಬೇಕು ಎಂಬುದೂ ತಿಳಿಯುತ್ತದೆ. ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ.

ಮುತ್ತಜ್ಜ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿದ್ದರಂತೆ. ಪತ್ರಿಕೆಯಲ್ಲಿ ಪುರಾವೆ ಸಿಗುತ್ತದೆಯೇ?

ಯಾವ ಚಳವಳಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಸಂಸ್ಥಾನದಲ್ಲಿ ಬಂಧನಗಳು ಹೆಚ್ಚಾದ ಸಂದರ್ಭಗಳೆಂದರೆ 1938ರ ಏಪ್ರಿಲ್‌ನ ಶಿವಪುರ ಧ್ವಜ ಸತ್ಯಾಗ್ರಹ ಮತ್ತು ಅದೇ ತಿಂಗಳು 25ರ ವಿದುರಾಶ್ವತ್ಥದ ಗೋಲಿಬಾರ್, 1942ರ ಕ್ವಿಟ್ ಇಂಡಿಯಾ, 1947ರ ಸೆಪ್ಟೆಂಬರಿನ ‘ಮೈಸೂರು ಚಲೋ’. ಬಂಧಿತರ ಹೆಸರುಗಳನ್ನು ಪತ್ರಿಕೆಗಳು ಊರುವಾರು ಕೊಟ್ಟಿರುವುದುಂಟು. ಆದರೆ ಇಂಥ ದಿನಗಳಲ್ಲೇ ಪತ್ರಿಕೆಗಳ ಬಾಯಿಗೂ ಬೀಗ ಬೀಳುತ್ತಿತ್ತು. ಎಚ್.ಎಸ್. ದೊರೆಸ್ವಾಮಿಯವರು ‘ಪೌರವಾಣಿ’ಯನ್ನು ಸಂಸ್ಥಾನದ ಗಡಿಯಾಚೆಯ ಹಿಂದೂಪುರದಿಂದ ಹೊರಡಿಸಿದ್ದು ಅದಕ್ಕೇ. ಹೀಗಾಗಿ ಬೆಂಗಳೂರಿನ ಸುದ್ದಿಗೆ ಮದರಾಸಿನ ‘ಹಿಂದೂ’ವನ್ನೂ ಹುಬ್ಬಳ್ಳಿಯ ಪತ್ರಿಕೆಗಳನ್ನೂ ನೋಡಬೇಕಾಗುತ್ತದೆ. ಪತ್ರಿಕೆಯಲ್ಲಿ ಸಿಗದಿದ್ದರೆ ಮನೆಯವರ ಮಾತು ಸುಳ್ಳೆಂದು ಅರ್ಥವಲ್ಲ. ಜೈಲಿನ ದಾಖಲೆ, ಪಿಂಚಣಿಯ ಕಡತ ಬೇರೆಯೇ ಇವೆ.

## ಮುಂದುವರಿದ ಹುಡುಕಾಟಕ್ಕೆ

ಬೇಕಾದ ಪತ್ರಿಕೆಯ ಒಂದು ಸಂಚಿಕೆಯೂ ಎಲ್ಲಿಯೂ ಉಳಿದಿಲ್ಲ. ಇನ್ನೇನು ದಾರಿ?

ಒಂದು ಅನಿರೀಕ್ಷಿತ ದಾರಿಯಿದೆ. ದೇಶಭಾಷೆಯ ಪತ್ರಿಕೆಗಳು ಏನು ಬರೆಯುತ್ತಿವೆ ಎಂಬ ಅಂಜಿಕೆಯಿಂದ ಬ್ರಿಟಿಷ್ ಸರ್ಕಾರ ಪ್ರತಿ ಪ್ರಾಂತದಲ್ಲೂ ಅವುಗಳ ಸಾರಾಂಶವನ್ನು ಇಂಗ್ಲಿಷಿಗೆ ಅನುವಾದಿಸಿ ಗುಪ್ತ ವರದಿಗಳಾಗಿ ಅಚ್ಚು ಹಾಕಿಸುತ್ತಿತ್ತು. ಮದರಾಸಿನ ವರದಿಗಳಲ್ಲಿ ಮಂಗಳೂರು, ಬಳ್ಳಾರಿಗಳ ಕನ್ನಡ ಪತ್ರಿಕೆಗಳಷ್ಟೇ ಅಲ್ಲದೆ ಮೈಸೂರು, ಬೆಂಗಳೂರಿನವೂ ಸೇರಿವೆ. ಮೂಲ ಸಂಚಿಕೆ ಒಲೆ ಸೇರಿದ್ದರೂ ಕಾವಲುಗಾರ ಬರೆದಿಟ್ಟ ಟಿಪ್ಪಣಿ ಉಳಿದಿದೆ. ಇವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ‘ಸೌತ್ ಏಷ್ಯಾ ಓಪನ್ ಆರ್ಕೈವ್ಸ್’ ಎಂಬ ಜಾಲತಾಣದಲ್ಲಿ ದೊಡ್ಡ ಭಾಗವನ್ನು ಹಣ ಕೊಡದೆ ಓದಬಹುದು.

ನಿಮ್ಮ ಮುತ್ತಜ್ಜ ಅಲ್ಲಿ ಸಿಗುವುದು ಅವರ ಮೇಲೆ ದೂರು ಬಂದಿದ್ದರೆ ಅಥವಾ ಅವರೇ ದೂರು ಕೊಟ್ಟಿದ್ದರೆ. ಅಮಲ್ದಾರರ ದರ್ಪ, ಕಂದಾಯ ವಸೂಲಿಯ ಕಾಟ, ನೀರಿನ ಜಗಳ ಇಂಥ ಸಂಗತಿಗಳೇ ಹೆಚ್ಚು. ಹೆಸರುಗಳು ಅಂದಿನ ಇಂಗ್ಲಿಷ್ ಕಾಗುಣಿತದಲ್ಲಿ ಇರುತ್ತವೆ, ಕೆಲವು ಕಡೆ ಹೆಸರನ್ನೇ ಬಿಟ್ಟು ಹುದ್ದೆಯನ್ನಷ್ಟೇ ಹೇಳಿರುತ್ತಾರೆ. ಆದ್ದರಿಂದ ತಾಲ್ಲೂಕಿನ ಹೆಸರು ಹಾಕಿ ಹುಡುಕುವುದು ಮೇಲು.

ಅದೇ ಪತ್ರಿಕೆ, ಅದೇ ದಿನಾಂಕ, ಆದರೆ ಎರಡು ಗ್ರಂಥಾಲಯಗಳ ಪ್ರತಿಗಳಲ್ಲಿ ಬೇರೆ ಬೇರೆ ಸುದ್ದಿ. ಇದು ಹೇಗೆ?

ಒಂದು ನಗರ ಆವೃತ್ತಿ, ಇನ್ನೊಂದು ಡಾಕ್ ಆವೃತ್ತಿ. ಹೊರ ಊರುಗಳಿಗೆ ರೈಲು, ಬಸ್ಸು ಹಿಡಿಯಬೇಕಾಗಿದ್ದ ಪ್ರತಿಗಳು ಹಿಂದಿನ ಸಂಜೆಯೇ ಮರುದಿನದ ದಿನಾಂಕ ಹೊತ್ತು ಅಚ್ಚಾಗುತ್ತಿದ್ದವು. ರಾತ್ರಿ ನಡೆದ ಬೆಂಗಳೂರಿನ ಸುದ್ದಿ ನಗರದ ಆವೃತ್ತಿಯಲ್ಲಿ ಆ ದಿನವೇ ಬಂದಿರುತ್ತದೆ, ಡಾಕ್ ಆವೃತ್ತಿಗೆ ಒಂದು ದಿನ ತಡವಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ. ಜಿಲ್ಲಾ ಗ್ರಂಥಾಲಯದಲ್ಲಿ ನೋಡಿ ‘ಇಲ್ಲ’ ಎಂದು ಬರೆದುಕೊಂಡವರು ಬೆಂಗಳೂರಿನಲ್ಲಿ ಇನ್ನೊಮ್ಮೆ ನೋಡಬೇಕು. ಟಿಪ್ಪಣಿಯಲ್ಲಿ ದಿನಾಂಕ, ಪುಟ, ಅಂಕಣದ ಜೊತೆ ಆವೃತ್ತಿಯನ್ನೂ ಪ್ರತಿಯಿರುವ ಸ್ಥಳವನ್ನೂ ಬರೆಯಿರಿ.

ಇನ್ನೊಂದು ಅನುಭವ: ಒಂದು ಗ್ರಂಥಾಲಯದಲ್ಲಿ (ಹೆಸರು ಬೇಡ) ನನಗೆ ಬೇಕಾಗಿದ್ದ ಪುಟವನ್ನು ಯಾರೋ ಬ್ಲೇಡಿನಿಂದ ನೀಟಾಗಿ ಕತ್ತರಿಸಿ ಒಯ್ದಿದ್ದರು. ನಮ್ಮಂತೆಯೇ ತಮ್ಮ ತಾತನನ್ನು ಹುಡುಕಲು ಬಂದವರೇ ಇರಬೇಕು.

ಪುಟದ ಫೋಟೊ ತೆಗೆದು ವಂಶಾವಳಿಯ ಪುಸ್ತಕದಲ್ಲಿ ಅಚ್ಚು ಹಾಕಿಸಬಹುದೇ?

ಫೋಟೊ ತೆಗೆಯಲು ಆಯಾ ಗ್ರಂಥಾಲಯದ ಅನುಮತಿ ಬೇಕು. ಕೃತಿಸ್ವಾಮ್ಯ ಬೇರೆ ಮಾತು. ಭಾರತದ ಕಾನೂನಿನಲ್ಲಿ ಲೇಖಕರ ಹೆಸರಿಲ್ಲದ ಬರಹಕ್ಕೆ ಪ್ರಕಟವಾದಂದಿನಿಂದ 60 ವರ್ಷ, ಹೆಸರಿರುವ ಬರಹಕ್ಕೆ ಲೇಖಕರು ತೀರಿಕೊಂಡ ಬಳಿಕ 60 ವರ್ಷ ರಕ್ಷಣೆ. 1930ರ ಹೆಸರಿಲ್ಲದ ವರದಿಗೆ ತೊಂದರೆಯಿಲ್ಲ. 1990ರ ಲೇಖನಕ್ಕೆ ಪತ್ರಿಕೆಯ ಒಪ್ಪಿಗೆ ಕೇಳಿ.

ಪತ್ರಿಕೆಯಲ್ಲಿ ಸಿಕ್ಕಿದ್ದು ಮನೆಯವರು ಹೇಳುತ್ತ ಬಂದ ಕಥೆಗೆ ವಿರುದ್ಧವಾಗಿದೆ. ಯಾವುದನ್ನು ಬರೆಯಲಿ?

ಪತ್ರಿಕೆಯೂ ತಪ್ಪುತ್ತದೆ. ವರದಿಗಾರನಿಗೆ ಹೆಸರು ತಪ್ಪಾಗಿ ಕೇಳಿಸುತ್ತದೆ, ಮೊಳೆ ಜೋಡಿಸುವವನ ಕೈ ತಪ್ಪುತ್ತದೆ, ವಯಸ್ಸಂತೂ ಅಂದಾಜಿನದೇ. ಆದ್ದರಿಂದ ವರದಿಯನ್ನು ಒಂದು ತೂಕದಲ್ಲಿ, ಪ್ರಕಟಣೆಯನ್ನು ಇನ್ನೊಂದು ತೂಕದಲ್ಲಿ ಇಡಬೇಕು: ಕೋರ್ಟು ಅಥವಾ ಕಕ್ಷಿದಾರರೇ ಕೊಟ್ಟ ಪ್ರಕಟಣೆಯಲ್ಲಿ ಹೆಸರು, ವಿಳಾಸ ತಪ್ಪುವುದು ಅಪರೂಪ.

ನನ್ನ ತಾಯಿಯ ಅಜ್ಜ ಬೆಂಗಳೂರು ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದರು. ಪ್ಲೇಗು ಬಂದು ಅಂಗಡಿ ಮುಚ್ಚಿ ಊರು ಬಿಟ್ಟರು ಎಂದು ನಾಲ್ಕು ತಲೆಮಾರು ಹೇಳುತ್ತ ಬಂದಿದೆ. ನನಗೆ ಸಿಕ್ಕಿದ್ದು 1896ರ ಒಂದು ಪ್ರಕಟಣೆ, ಬೆರಳಗಲದ ಎಂಟು ಸಾಲು: ಸಾಲದ ಡಿಕ್ರಿಯ ಮೇಲೆ ಅಂಗಡಿಯ ಸಾಮಾನು ಹರಾಜು. ‘ಹಂಡೆ 11, ಕೊಪ್ಪರಿಗೆ 4, ತಕ್ಕಡಿ 2’ ಎಂಬ ಲೆಕ್ಕವೂ ಅದರಲ್ಲಿತ್ತು. ಪ್ಲೇಗು ಬರಲು ಇನ್ನೂ ಎರಡು ವರ್ಷವಿತ್ತು. ಸಾಲದ ನಾಚಿಕೆಯನ್ನು ಮುಚ್ಚಲು ಯಾರು, ಯಾವಾಗ ಪ್ಲೇಗನ್ನು ಕರೆತಂದರೋ ಗೊತ್ತಾಗಲಿಲ್ಲ.

ಅದನ್ನು ಅಚ್ಚಿಗೆ ಕೊಡುವ ಮೊದಲು ಮನೆಯ ಹಿರಿಯರಾದ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ತಕ್ಕಡಿಯ ಸಾಲನ್ನು ಎರಡು ಸಲ ಓದಿಸಿಕೊಂಡರು. ನಮ್ಮ ವಂಶಾವಳಿಯಲ್ಲಿ ಈಗ ಎರಡೂ ಇವೆ: ಮನೆಯವರು ಹೇಳುವ ಪ್ಲೇಗಿನ ಕಥೆ ಮೇಲೆ, ಹರಾಜಿನ ಪ್ರಕಟಣೆ ದಿನಾಂಕ ಮತ್ತು ಪುಟಸಂಖ್ಯೆಯೊಂದಿಗೆ ಅದರ ಕೆಳಗೆ.